ಖಾಲಿ ಚೀಲದ ಮನಃಶಾಸ್ತ್ರ

ಮೂವತ್ತು ವರ್ಷ ಕಲಬುರಗಿಯ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿದವನು ನಾನು. ಆದರೂ ಮನುಷ್ಯ ದೇಣಿಗೆ ಕೊಡಲು ಕಿಸೆಗೆ ಕೈ ಹಾಕುವುದು ಯಾಕೆ, ಹಾಕದಿರುವುದು ಯಾಕೆ ಎಂದು ಕೇಳಿದರೆ ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ. ಇದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಡಿ. ಪಾಪ, ಅವರು ನನ್ನ ನೋಟ್ಸು ನಂಬಿ ಪಾಸಾದವರು.

ತೊಂಬತ್ತರ ದಶಕದ ಒಂದು ಬೇಸಿಗೆ. ಕಮಲಾಪುರದಲ್ಲಿ ನಾವು ಕೆಲವರು ಸೇರಿ ಸುತ್ತಲಿನ ಹಳ್ಳಿಯ ಹುಡುಗಿಯರಿಗಾಗಿ ಒಂದು ಹಾಸ್ಟೆಲು ನಡೆಸುತ್ತಿದ್ದೆವು. ಗಾಳಿಗೆ ಅದರ ಅಡುಗೆಮನೆಯ ತಗಡು ಹಾರಿಹೋಯಿತು. ಅಡುಗೆ, ಮೇಲ್ವಿಚಾರಣೆ ಎರಡನ್ನೂ ನೋಡುತ್ತಿದ್ದ ಕಸ್ತೂರಿಬಾಯಿ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: “ಸರ್, ಮಳಿ ಹಿಡೀತಂದ್ರ ಒಲಿ ಹತ್ತಂಗಿಲ್ರಿ. ಹುಡುಗ್ಯಾರ್ನ ಮನಿಗಿ ಕಳಸಬೇಕಾಗ್ತದ. ಒಮ್ಮಿ ಹೋದ್ರ ತಿರುಗಿ ಬರಂಗಿಲ್ರಿ, ಲಗ್ನ ಮಾಡಿಬಿಡ್ತಾರ.” ನನಗೆ ನಿಜಕ್ಕೂ ಹೆದರಿಕೆಯಾಯಿತು.

ದೇಣಿಗೆ ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ಮನಸ್ಸಿನ ಒಳಹೊರಗು ಬಲ್ಲವನು ನಾನೊಬ್ಬನೇ ಎಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ನಮ್ಮ ಹಳೆಯ ದಾನಶಾಸನಗಳನ್ನು ಕೆತ್ತಿಸಿದವರು, ದಾನ ಕೆಡಿಸಿದವನು ಹುಳುವಾಗಿ ಹುಟ್ಟುತ್ತಾನೆಂದು ಬರೆಸಿ ನಿಶ್ಚಿಂತರಾದರು. ರಸೀದಿ ಪುಸ್ತಕದಲ್ಲಿ ಹಾಗೆ ಅಚ್ಚು ಹಾಕಿಸುವ ಧೈರ್ಯ ನನಗಿರಲಿಲ್ಲ. ಅದಕ್ಕೇ ನನ್ನ ಪಠ್ಯಪುಸ್ತಕದ ದಾರಿ ಹಿಡಿದೆ: ಮೊದಲು ಏನಾದರೂ ಕೊಡು, ಆಮೇಲೆ ಕೇಳು, ತೆಗೆದುಕೊಂಡವರಿಗೆ ತಿರುಗಿ ಕೊಡುವವರೆಗೂ ಸಮಾಧಾನವಿರುವುದಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡು, ಮನೆಗೊಂದು ಕೈಚೀಲ ತುಂಬಿಕೊಂಡು, ಕಲಬುರಗಿಯ ಸುಡುಬಿಸಿಲಿನಲ್ಲಿ ಹೊರಟೆ.

ಎಲ್ಲ ಮನೆಯಲ್ಲೂ ಒಂದೇ ಕಥೆ. ಹಣ್ಣಿನ ಚೀಲ ಒಳಗೆ ಹೋಗುತ್ತಿತ್ತು, ಚಹಾ ಹೊರಗೆ ಬರುತ್ತಿತ್ತು. ನಾನು ತಗಡಿನ ವಿಷಯ ತೆಗೆದು ರಸೀದಿ ಪುಸ್ತಕ ಬಿಚ್ಚುವಷ್ಟರಲ್ಲಿ ನನ್ನ ಚೀಲ ಜೋಳವನ್ನೋ ಶೇಂಗಾವನ್ನೋ ತುಂಬಿಕೊಂಡು ವಾಪಸು ಬರುತ್ತಿತ್ತು. “ಚೀಲ ಖಾಲಿ ಕಳಸಬಾರದ್ರಿ ಸರ್” ಎನ್ನುವಾಗ ಅವರ ಮುಖದಲ್ಲಿ ಋಣ ತೀರಿದ ನೆಮ್ಮದಿ. ಸಿದ್ಧಾಂತವೇನೋ ಸರಿಯಾಗಿಯೇ ಇತ್ತು, ರಸೀದಿ ಪುಸ್ತಕ ಮಾತ್ರ ಬೋಳಾಗಿಯೇ ಉಳಿಯಿತು. ಕುಸನೂರಿನಲ್ಲಿ ದಾಲ್‌ಮಿಲ್ಲು ನಡೆಸುತ್ತಿದ್ದ ಶಂಕ್ರಮ್ಮನವರ ಮೇಲೆ ಬಹಳ ಆಸೆಯಿಟ್ಟಿದ್ದೆ. ಅವರೂ ನನ್ನ ಭಾಷಣವನ್ನೆಲ್ಲ ಕೇಳಿ, ಚೀಲದ ತುಂಬ ತೊಗರಿಬೇಳೆ ಕೊಟ್ಟು ಕೈಮುಗಿದರು. ಬಂದದ್ದನ್ನೆಲ್ಲ ಕಸ್ತೂರಿಬಾಯಿಯ ಮುಂದೆ ಸುರಿದಾಗ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಮೋಡದ ಕಡೆ ನೋಡಿದರು, ಅಷ್ಟೆ.

ಮಳೆ ಶುರುವಾದ ದಿನವೇ, ಮಹಾಗಾಂವದವರೆಗೆ ಬಂದಿದ್ದ ಶಂಕ್ರಮ್ಮ ಹಾಗೆಯೇ ಮುಂದೆ ಹಾಸ್ಟೆಲಿಗೂ ಬಂದರು. ಬೇರೇನಕ್ಕೂ ಅಲ್ಲ, “ನಮ್ಮ ಬ್ಯಾಳಿ ಛಲೋ ಬೇಯ್ತೇನ್ರಿ?” ಎಂದು ಕೇಳಲು. ಅಡುಗೆಮನೆಯಲ್ಲಿ ಒಬ್ಬ ಹುಡುಗಿ ಒಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಕೊಡೆಯ ಅಂಚಿನಿಂದ ನೀರು ಬೇಳೆಯ ಪಾತ್ರೆಗೆ ತೊಟ್ಟಿಕ್ಕುತ್ತಿತ್ತು. ಶಂಕ್ರಮ್ಮ ಅಲ್ಲಿಂದಲೇ ತಿರುಗಿ ಹೋದರು. ಮರುದಿನ ತಗಡು ಹೇರಿಕೊಂಡು ಟೆಂಪೋ ಬಂತು, ಜೊತೆಗೆ ಅವರೂ ಬಂದರು.

ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. “ಅವತ್ತ ನಾ ಅಷ್ಟ ಹೇಳಿದ್ರೂ ಕೊಡಲಿಲ್ಲ, ಈಗ್ಯಾಕ್ರೀ ಕೊಟ್ರಿ?” ಎಂದೆ.

“ಅವತ್ತ ನೀವು ನಿಮ್ಮ ತಗಡಿನ ಸುದ್ದಿ ಹೇಳಿದ್ರಿ ಸರ್. ನಿನ್ನಿ ನನ್ನ ಬ್ಯಾಳ್ಯಾಗ ಮಳಿ ಬೀಳಾಕತ್ತಿತ್ತಲ್ರೀ!”

ಇದನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕೋ ನನಗೆ ಇನ್ನೂ ತಿಳಿದಿಲ್ಲ. ಕೆಡಿಸಿದ್ದೂ ಆ ಚೀಲವೇ, ಉಳಿಸಿದ್ದೂ ಆ ಚೀಲವೇ. ಆ ಮಳೆಗಾಲದಲ್ಲಿ ಒಬ್ಬ ಹುಡುಗಿಯೂ ಮನೆಗೆ ಹೋಗಲಿಲ್ಲ. ತಗಡು ತಂದ ದಿನ ಶಂಕ್ರಮ್ಮ ತಿರುಗಿ ಟೆಂಪೋ ಹತ್ತುವಾಗ ಕಸ್ತೂರಿಬಾಯಿ ಓಡಿಬಂದು ಅವರ ಕೈಗೆ ಒಂದು ಚೀಲ ಕೊಟ್ಟರು. ಇಣುಕಿ ನೋಡಿದೆ: ಕೆಂಪು ಬಾಳೆಹಣ್ಣು.