ಪಿಳ್ಳಮ್ಮ ಉಳಿಸಿದ ಕೆರೆ

ಪಿಳ್ಳಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನಮ್ಮ ಬಡಾವಣೆಯ ಬಟ್ಟೆಗಳಲ್ಲಿ ಯಾವುದು ಯಾರದೆಂದು ಮೂಸಿಯೇ ಹೇಳುತ್ತಿದ್ದಳು. "ಇದು ಮಿಷಿನ್ ಎಣ್ಣೆ ವಾಸ್ನೆ, ಮೂರ್ನೇ ಕ್ರಾಸ್ ಫೋರ್‌ಮನ್‌ದು. ಇದು ಬಾಣಂತಿ ಸೀರೆ." ಉಳಿದ ಅಗಸರಂತೆ ಬಟ್ಟೆಯ ಮೂಲೆಗೆ ಮಸಿಯ ಗುರುತು ಹಾಕುವ ಗೊಡವೆಯೇ ಅವಳಿಗಿರಲಿಲ್ಲ.

ನಾನು ಧಾರವಾಡದಿಂದ ಬಂದು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದ ಕಾಲ. ಎಪ್ಪತ್ತರ ದಶಕದ ಕೊನೆ. ನಮ್ಮ ಮನೆಯ ಹಿಂದೆ ಒಂದು ಸಣ್ಣ ಕೆರೆ. ಅದರ ಏರಿಯ ಬದಿಯಲ್ಲಿ ಪಿಳ್ಳಮ್ಮನ ಗುಡಿಸಲು, ಒಗೆಯುವ ಕಲ್ಲು, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸುವ ಉಬ್ಬೆಯ ಒಲೆ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಾತು ಒರಟು. ಅಂಗಿಗೆ ಗುಂಡಿ ಇಲ್ಲದ್ದು ಕಂಡರೆ ಮನೆಯವರನ್ನು ಬೈಯುತ್ತಿದ್ದಳು. ಬೈದು ತಾನೇ ಹೊಲಿದು ತರುತ್ತಿದ್ದಳು.

ಒಂದು ಬೇಸಿಗೆ, ನೀರು ಇಳಿದಿದ್ದಾಗ, ಸರ್ವೆಯವರು ಬಂದು ಕೆರೆಯಂಗಳದಲ್ಲಿ ಕೆಂಪು ನಂಬರಿನ ಗೂಟಗಳನ್ನು ನೆಟ್ಟುಹೋದರು. ಕೆರೆ ಮುಚ್ಚಿ ಸೈಟು ಮಾಡುತ್ತಾರೆಂದು ಸುದ್ದಿ ಹಬ್ಬಿತು. ನಮಗೂ ಒಂದು ಸಿಕ್ಕೀತೇ ಎಂದು ನಾವೆಲ್ಲ ಒಳಗೊಳಗೇ ಆಸೆಪಡುತ್ತಿದ್ದಾಗ, ಪಿಳ್ಳಮ್ಮ ಗೂಟಗಳನ್ನೆಲ್ಲ ಕಿತ್ತು ಒಲೆಗೆ ತುಂಬಿದಳು.

ಪೊಲೀಸರು ಬಂದಾಗ ನಾನು ಅಲ್ಲೇ ಇದ್ದೆ.

"ಸರ್ಕಾರದ ಗೂಟ ಯಾಕಮ್ಮ ಕಿತ್ತೆ?"

"ಸರ್ಕಾರದ್ದು ಅಂತ ನಂಗೇನ್ ಗೊತ್ತು ಸಾಮಿ? ಓದಕ್ಕೆ ಬರಾಕಿಲ್ಲ. ಒಣ ಸೌದೆ ಅಂತ ಉರಿಸ್ದೆ. ನಿಮ್ ಯೂನಿಫಾರಮ್ಮೂ ಅದೇ ಬೆಂಕೀಲಿ ಬೆಂದಿದ್ದು."

ಅವರು ನಗು ತಡೆಯಲಾರದೆ ಹೊರಟುಹೋದರು. ಅವರು ಕಣ್ಮರೆಯಾದ ಮೇಲೆಯೇ ಅವಳು ಒಲೆಯ ಮುಂದಿನಿಂದ ಕದಲಿದ್ದು.

ಮರುದಿನ ನನ್ನ ಮನೆಗೆ ಬಂದಳು. "ಅಮ್ಮಾವ್ರೇ, ಇಂಗೆ ಗೂಟ ಕೀಳ್ತಾ ಕುಂತ್ರೆ ಆಗಾಕಿಲ್ಲ. ಒಂದು ಅರ್ಜಿ ಟೈಪ್ ಒಡ್ಕೊಡಿ."

"ಏನಂತ ಬರೀಲಿ ಪಿಳ್ಳಮ್ಮಾ?"

"ಕೆರೆ ಕೆರೆಯಾಗೇ ಇರ್ಲಿ ಅಂತ. ಅಷ್ಟೇಯ."

ಅಷ್ಟೇ ಬರೆದರೆ ಯಾರು ಲಕ್ಷ್ಯ ಕೊಡುತ್ತಾರೆ ಎನಿಸಿತು. ತೂಕ ಬರಲೆಂದು ನಾನೇ ಇನ್ನೊಂದು ಸಾಲು ಸೇರಿಸಿದೆ: ಕೆರೆಯ ನೀರನ್ನು ಮಲಿನಗೊಳಿಸುವ ಎಲ್ಲ ಚಟುವಟಿಕೆಗಳನ್ನು ನಿಷೇಧಿಸಬೇಕು. ಓದಿ ಹೇಳಿದೆ. "ಚೆಂದಾಗೈತೆ" ಎಂದಳು.

ಬಟ್ಟೆಯ ಗಂಟಿನ ಜೊತೆ ಆ ಅರ್ಜಿಯನ್ನೂ ಹೊತ್ತು ಮನೆಮನೆಗೆ ಹೋದಳು. ಸಹಿ ಹಾಕದವರಿಗೆ ಬಟ್ಟೆ ಕೊಡಲಿಲ್ಲ. "ನಿಮ್ಮನೆ ಬಾವೀಗೆ ನೀರು ಎಲ್ಲಿಂದ ಬತ್ತದೆ ಅನ್ಕೊಂಡಿದ್ದೀರಾ?" ಎಂದು ಬಾಗಿಲಲ್ಲೇ ಕೂತುಬಿಡುತ್ತಿದ್ದಳು. ಸೈಟಿನ ಆಸೆಯಿದ್ದವರೂ ಸಹಿ ಹಾಕಿದರು. ಕಾಲೇಜಿನವರು ಬಂದರು, ಪತ್ರಿಕೆಯವರು ಬಂದರು. ವರ್ಷಗಟ್ಟಲೆ ಮೆರವಣಿಗೆ, ಕಚೇರಿಗಳ ಮೆಟ್ಟಿಲು. ಕೊನೆಗೊಂದು ದಿನ ಮಂತ್ರಿಗಳೇ ಬಂದು ಏರಿಯ ಮೇಲೆ ನಿಂತರು. ಪಿಳ್ಳಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಸಾಮಿ, ಕೆರೆ ಮುಚ್ಚಿದ್ರೆ ಮಳೆ ನೀರು ಎಲ್ಲಿಗೋಗ್ಬೇಕು? ಅದಕ್ಕೂ ಒಂದು ಸೈಟು ಕೊಡ್ತೀರಾ?"

ಮಂತ್ರಿಗಳು ಕಾರು ಹತ್ತಿದರು. ಮರುದಿನ ಆ ಮಾತು ಪತ್ರಿಕೆಯಲ್ಲಿ ಬಂತು.

ಮುಂದಿನ ವರ್ಷ ಆದೇಶವೂ ಬಂತು. ಸೈಟುಗಳೆಲ್ಲ ರದ್ದು. ನಮ್ಮ ಕೆರೆಯೊಂದೇ ಅಲ್ಲ, ಸುತ್ತಲಿನ ಯಾವ ಕೆರೆಯನ್ನೂ ಮುಚ್ಚಕೂಡದು. ಏರಿಯ ಮೇಲೆ ಸಿಹಿ ಹಂಚಿದೆವು. ಆದೇಶದ ಎರಡನೆಯ ಪುಟವನ್ನು ಯಾರೂ ಓದಿರಲಿಲ್ಲ. ಸಾರ್ವಜನಿಕರ ಕೋರಿಕೆಯ ಮೇರೆಗೆ, ಕೆರೆಯ ನೀರನ್ನು ಮಲಿನಗೊಳಿಸುವ ಚಟುವಟಿಕೆಗಳು, ಅಂದರೆ ಬಟ್ಟೆ ಒಗೆಯುವುದು ಮತ್ತು ದನ ತೊಳೆಯುವುದು, ನಿಷೇಧ. ಏರಿಯ ಬದಿಯ ಗುಡಿಸಲು ತೆರವು. ನನ್ನದೇ ಸಾಲು, ಸರ್ಕಾರದ ಮೊಹರು ಹೊತ್ತು ವಾಪಸು ಬಂದಿತ್ತು.

ಮತ್ತೊಂದು ಅರ್ಜಿ ಟೈಪು ಮಾಡಿ ಈ ಸಲ ನಾನೇ ಮನೆಮನೆ ತಿರುಗಿದೆ. ಸಿಕ್ಕಿದ್ದು ಹನ್ನೊಂದು ಸಹಿ. "ಕೆರೆ ಈಗ ಕ್ಲೀನಾಗಿದೆ ಕಣ್ರೀ, ಸಂಜೆ ವಾಕಿಂಗ್‌ಗೆ ಚೆನ್ನಾಗಿದೆ. ಸುಮ್ನಿರಿ" ಎಂದರು ಫೋರ್‌ಮನ್.

ತಂತಿಬೇಲಿ ಹಾಕುವವರು ಬಂದ ದಿನ ಪಿಳ್ಳಮ್ಮ ಜಗಳವಾಡಲಿಲ್ಲ. ಪಾತ್ರೆ ಪಗಡೆಗಳನ್ನು ತಳ್ಳುಗಾಡಿಯಲ್ಲಿ ಜೋಡಿಸುತ್ತಾ ನನ್ನನ್ನು ಕೇಳಿದಳು: "ಅಮ್ಮಾವ್ರೇ, ಒಗೆಯೋರ್‍ನ ಓಡ್ಸಿ ಅಂತ ನಾನೇ ಏಳಿದ್ನಾ?"

"ಇಲ್ಲವ್ವಾ, ನೀ ಹೇಳಿದ್ದಲ್ಲ ಅದು" ಎಂದೆ. ಮತ್ಯಾರು ಹೇಳಿದ್ದೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಯಶವಂತಪುರದ ಮಂಡಿಗೆ ಈರುಳ್ಳಿ ತರಲು ಹೋದಾಗ ಅವಳನ್ನು ಕಂಡೆ. ಹರಿದ ಗೋಣಿಚೀಲಗಳ ರಾಶಿಯ ಪಕ್ಕ ಕುಳಿತು ದಬ್ಬಳದಿಂದ ಹೊಲಿಯುತ್ತಿದ್ದಳು. ತುಂಬಾ ಇಳಿದುಹೋಗಿದ್ದಳು, ಧೂಳಿಗೆ ಬಿಡದ ಕೆಮ್ಮು. ನನ್ನನ್ನು ಕಂಡು ಒಂದು ಚೀಲ ಹಾಸಿ, "ಕುಂತ್ಕಳಿ" ಎಂದಳು. ಆ ಸಾಲು ನನ್ನದೆಂದು ಇವತ್ತು ಹೇಳಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಅವಳೇ ಕೇಳಿದಳು:

"ಈ ಸಲ ಕೆರೆ ಕೋಡಿ ಬಿತ್ತಾ?"

ಮನೆ ಬದಲಿಸಿ ಎರಡು ವರ್ಷವಾಗಿತ್ತು; ಅಂದಿನಿಂದ ನಾನು ಏರಿಯ ಕಡೆಗೇ ಹೋಗಿರಲಿಲ್ಲ.

"ಬಿತ್ತು" ಎಂದೆ.

ಪಿಳ್ಳಮ್ಮನ ಮುಖ ಅರಳಿತು. ಪಕ್ಕದಲ್ಲಿ ಚೀಲ ಕೊಡವುತ್ತಿದ್ದವಳ ಕಡೆ ತಿರುಗಿ, "ಕೇಳ್ದೇನೇ, ನಮ್ ಕೆರೆ ಕೋಡಿ ಬಿತ್ತಂತೆ" ಎಂದಳು.

ಮುಂದಿನ ಸಲ ಮಂಡಿಗೆ ಹೋದಾಗ ಆ ರಾಶಿಯ ಪಕ್ಕ ಬೇರೆ ಯಾರೋ ಹೊಲಿಯುತ್ತಿದ್ದರು.