ತೂತು ಹೊಡೆದ ಡಬ್ಬಿ

ಅಣ್ಣ ತೀರಿಕೊಂಡ ಮೇಲೆ ಅವನ ಬೈಕಿಗೆ ಮೊದಲ ಸಲ ಆಯಿಲ್ ಬದಲಿಸಲು ಮೂಡುಬಿದಿರೆಗೆ ಹೋದೆ. ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವ ದೊಡ್ಡ ಬೈಕ್ ಅದು. ತಣಿಸಲು ಗಾಳಿ ಮಾತ್ರ. ಇಂಜಿನ್ ಕೆಟ್ಟರೆ, ಅಣ್ಣ ಮನೆಗೆ ಬರುತ್ತಿದ್ದ ಸದ್ದೂ ಹೋದಂತೆ.

ಗ್ಯಾರೇಜಿನವರು ಕಾರಿನ ತೆಳು ಆಯಿಲ್ ತೋರಿಸಿ, "ಇದು ಸಾಕು ಮಾರಾಯ್ರೆ, ಎಲ್ಲ ಒಂದೇ" ಎಂದರು. ನನಗೆ ಅನುಮಾನ ಬಂತು. ಕಾರಿನ ಆಯಿಲಿನಿಂದ ಕ್ಲಚ್ ಜಾರುತ್ತದೆ, ಚಾರ್ಮಾಡಿ ಘಾಟಿ ಹತ್ತುವಾಗ ಹಿಂದಿನ ಸಿಲಿಂಡರ್ ಗಾಳಿ ಸಾಲದೆ ಬಿಸಿಯೇರುತ್ತದೆ, ದಪ್ಪ ಆಯಿಲೇ ಬೇಕು ಎಂದು ಅಣ್ಣ ಹೇಳುತ್ತಿದ್ದ. ಬೈಕಿನ ದಪ್ಪ ಆಯಿಲನ್ನೇ ಕೇಳಿದೆ. ಅವರು ಒಳಗಿನಿಂದ ತಂದ ಡಬ್ಬಿಯ ಸೀಲನ್ನು ಉಗುರಿನಿಂದ ಕೆರೆದು ನೋಡಿದೆ; ಅಸಲಿಯೋ ನಕಲಿಯೋ ತಿಳಿಯಲಿಲ್ಲ. ಹಳೆಯ ಡಬ್ಬಿಯಲ್ಲಿ ಕಳಪೆ ಆಯಿಲ್ ತುಂಬಿ ಮಾರುತ್ತಾರೆಂದು ಅಣ್ಣ ಖಾಲಿ ಡಬ್ಬಿಗಳಿಗೆ ತೂತು ಹೊಡೆದೇ ಎಸೆಯುತ್ತಿದ್ದ.

ಆಯಿಲ್ ಹೊಯ್ದ ಮೇಲೆ ಅವರು ಡಬ್ಬಿಯನ್ನು ಮೆಲ್ಲನೆ ಬೆಂಚಿನಡಿಗೆ ಸರಿಸಿದರು.

"ಡಬ್ಬಿ ಕೊಡಿ" ಎಂದೆ.

"ಖಾಲಿ ಡಬ್ಬಿ ನಿಮಗೆ ಯಾಕೆ?"

"ತೂತು ಮಾಡ್ಲಿಕ್ಕೆ ಉಂಟು."

ಅವರು ನಕ್ಕುಬಿಟ್ಟರು. "ಬೈಕ್ ನೋಡಿ ಅಂದಾಜು ಮಾಡಿದ್ದೆ, ಈಗ ಖಾತ್ರಿಯಾಯ್ತು. ನೀವು ಅವರ ತಮ್ಮನೇ. ಅವರಿಗೂ ನನ್ನ ಮೇಲೆ ಒಂದು ದಿನವೂ ನಂಬಿಕೆ ಇರ್ಲಿಲ್ಲ" ಎನ್ನುತ್ತ ಸ್ಕ್ರೂಡ್ರೈವರ್ ಚಾಚಿದರು.

ತೂತು ಹೊಡೆದೆ. ಆ ಸೀಲಿನ ಮೇಲಿನ ಅನುಮಾನ ಮಾತ್ರ ಹೋಗಲಿಲ್ಲ. ಬಂಟ್ವಾಳದ ಮನೆಯವರೆಗೂ ಇಂಜಿನ್ನಿಗೆ ಕಿವಿಗೊಟ್ಟೇ ಬಂದೆ. ಅಂಗಳಕ್ಕೆ ತಿರುಗಿದಾಗ ಅತ್ತಿಗೆ, ಬರುವವನು ನಾನೆಂದು ಗೊತ್ತಿದ್ದೂ, ಅಣ್ಣ ಬಂದಾಗ ಬರುತ್ತಿದ್ದ ಹಾಗೆಯೇ ಬೈಕಿನ ಸದ್ದು ಕೇಳಿ ಬಾಗಿಲಿಗೆ ಬಂದರು. ಆಗ ಸ್ವಲ್ಪ ಸಮಾಧಾನವಾಯಿತು.