ಮಿಂಚುಳ್ಳಿಯ ಹಿಂದೆ

ಲೆನ್ಸಿನ ಮುಚ್ಚಳದ ಒಳಬದಿಯಲ್ಲಿ ಒಂದು ಹೆಬ್ಬೆರಳಿನ ಗುರುತಿದೆ. ಹಳದಿ ಗ್ರೀಸಿನದು, ಗೆರೆಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಕಳೆದ ಶನಿವಾರ ಸಂಜೆ ಕ್ಯಾಮೆರಾ ಚೀಲ ಶುಚಿ ಮಾಡಲು ಕೂತವಳು, ಒರೆಸಲೆಂದು ಬಟ್ಟೆ ಕೈಗೆತ್ತಿಕೊಂಡು ಒರೆಸದೆ ಹಾಗೇ ಇಟ್ಟೆ. ಗುರುತು ಅಪ್ಪನದು.

ಫೋಟೋ ತೆಗೆಯುವುದು ನನಗೆ ಕಲೆಯಾಗಿ ಬಂದದ್ದಲ್ಲ, ಔಷಧಿಯಾಗಿ ಬಂದದ್ದು. ಎಂ.ಎಸ್ಸಿ. ಮುಗಿಸಿ ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ‘ಅತಿಥಿ’ ಎಂಬ ಮಾತಿನಲ್ಲಿ ಎಷ್ಟು ಉಪಚಾರವಿದೆ ನೋಡಿ. ಮುಂದಿನ ವರ್ಷ ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂಬುದು ಮಾತ್ರ ಅತಿಥಿಗೆ ತಿಳಿದಿರುವುದಿಲ್ಲ. ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವುದು, ಬಸ್ಸಿನಲ್ಲಿ ಅಂಗೈ ಬೆವರುವುದು ಶುರುವಾಯಿತು. ಪರೀಕ್ಷೆ ಮಾಡಿದ ಡಾಕ್ಟರು ಎಲ್ಲ ಸರಿಯಾಗಿದೆ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು. ಗೆಳತಿಯೊಬ್ಬಳ ಹಳೆಯ ಕ್ಯಾಮೆರಾ ಕೊಂಡೆ. ಬಟನ್ ಒತ್ತುವ ಮುಂಚೆ ಉಸಿರು ಬಿಗಿಹಿಡಿಯಬೇಕಲ್ಲ, ಆ ಎರಡು ಕ್ಷಣ ತಲೆಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಅದಕ್ಕೋಸ್ಕರ ವಾರವಿಡೀ ಭಾನುವಾರವನ್ನು ಕಾಯುತ್ತಿದ್ದೆ.

ನಾಲೆಯ ಏರಿಯ ಮೇಲೆ ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಹಾಗಾಗಿ ಅಪ್ಪ ಮೊಪೆಡ್ ತೆಗೆದ. ಅಪ್ಪ ನಿವೃತ್ತ ಸೌಡಿ. ನಾಲೆಯ ತೂಬಿನ ಚಕ್ರ ತಿರುಗಿಸಿ, ಬಾಗಿಲು ಎತ್ತಿ ಇಳಿಸಿ, ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ಕೆಲಸ ಅದು. ಕೆ.ಆರ್.ಎಸ್.ನಿಂದ ಪಾಂಡವಪುರದ ಕಡೆ ಬರುವ ನಾಲೆಯಲ್ಲಿ ನಮ್ಮೂರ ಹತ್ತಿರದ ತೂಬು ಅವನ ವಶದಲ್ಲಿತ್ತು. ನಿವೃತ್ತನಾದ ಮೇಲೂ ಅದರ ಹಸಿರು ಚಕ್ರಕ್ಕೆ ಗ್ರೀಸು ಹಚ್ಚುವುದನ್ನು ಬಿಟ್ಟಿರಲಿಲ್ಲ. ಹೊಸ ಸೌಡಿಗೆ ಇದರಿಂದ ಸ್ವಲ್ಪ ಕಿರಿಕಿರಿ. ನಾನು ಫೋಟೋ ತೆಗೆಯುವಾಗ ಲೆನ್ಸಿನ ಮುಚ್ಚಳ ಹಿಡಿದುಕೊಳ್ಳುವುದೂ ಅವನದೇ ಕೆಲಸವಾಯಿತು. ಎಮ್ಮೆ ಮೇಯಿಸುತ್ತಿದ್ದ ಅವನ ಗೆಳೆಯನೊಬ್ಬ, ಏನು, ಮಗಳು ಸರ್ವೆ ಮಾಡ್ತಾವ್ಳಾ ಎಂದು ಕಿಚಾಯಿಸಿದಾಗ ಅಪ್ಪ, “ಅಕ್ಕಿ ಇಡೀತಾವ್ಳೆ ಕಣ್ಲಾ, ಬಲೆ ಇಲ್ದೆ” ಎಂದಿದ್ದ. ನಾನು ನಗಲಿಲ್ಲ. ಮರದ ತುದಿಯ ಹಕ್ಕಿಗೆ ಶಟರಿನ ವೇಗ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತಿದ್ದೆ.

ನನ್ನ ಚಿತ್ರಗಳಲ್ಲಿ ಮನುಷ್ಯರು ಇರಬಾರದು ಎಂಬುದು ನನ್ನ ನಿಯಮ. ಮನುಷ್ಯರಿಂದಲೇ ತಪ್ಪಿಸಿಕೊಂಡು ಬಂದವಳಲ್ಲವೇ? ಬಟ್ಟೆ ಒಗೆಯುವವರು ಎದ್ದು ಹೋಗುವವರೆಗೆ ಕಾಯುತ್ತಿದ್ದೆ. ಅಪ್ಪನಿಗೂ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಪಕ್ಕಕ್ಕೆ ಎನ್ನುತ್ತಿದ್ದೆ. ಕೆಲವೇ ವಾರಗಳಲ್ಲಿ ಅವನೇ ಕಲಿತ. ಕ್ಯಾಮೆರಾ ಎತ್ತಿದ ಕೂಡಲೇ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ: ತೂಬಿನ ಪಕ್ಕದಲ್ಲಿ ನಿಂತ ಒಂದು ಪಟ. ಅಷ್ಟು ವರ್ಷ ಕಾದ ತೂಬಿನ ಜೊತೆ ಅವನದೊಂದೂ ಪಟವಿರಲಿಲ್ಲ. ಮೊದಲ ಸಲ ಕೇಳಿದಾಗ ಬಿಸಿಲು ನೆತ್ತಿಗೆ ಬಂದಿದೆ ಎಂದೆ. ಎರಡನೆಯ ಸಲ, ನೀರು ಕಮ್ಮಿ, ಕಸ ಕಾಣುತ್ತದೆ ಎಂದೆ. ಎರಡೂ ನಿಜ. ನಿಜ ಹೇಳಿ ಜಾರಿಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ. ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲುವ ಫೋಟೋಗಳೆಂದರೆ ನನಗೆ ಒಳಗೊಳಗೇ ತಾತ್ಸಾರ; ಅಸಲು ಕಾರಣ ಅದು.

ಮೂರನೆಯ ಸಲ ಅವನು ಕೇಳಲಿಲ್ಲ. ಒಂದು ಭಾನುವಾರ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಮೊಪೆಡ್ ಹತ್ತಿದ. ಯಾಕೆಂದು ನಾನೂ ಕೇಳಲಿಲ್ಲ. ತೂಬಿನ ಹತ್ತಿರ ಇಳಿದು ಮುಚ್ಚಳ ಕೈಲಿ ಹಿಡಿದೇ ಹೋಗಿ ಚಕ್ರದ ಪಕ್ಕ ನಿಂತ. ಅಷ್ಟರಲ್ಲಿ ನಮ್ಮಿಬ್ಬರ ನಡುವಿನ ಜೊಂಡಿನ ಮೇಲೆ ಒಂದು ಮಿಂಚುಳ್ಳಿ ಬಂದು ಕೂತಿತು. ಕ್ಯಾಮೆರಾ ಎತ್ತಿದೆ. ಅಪ್ಪ ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ಹಿಂದಿನದನ್ನೆಲ್ಲ ಮಸುಕಾಗಿಸಿ ಹಕ್ಕಿಯನ್ನಷ್ಟೇ ಹಿಡಿದೆ.

“ಬಂತಾ?” ಎಂದ.

“ಬಂತು” ಎಂದೆ. ಹಕ್ಕಿಯ ಕಣ್ಣು ಸ್ಪಷ್ಟವಾಗಿ ಬಂದಿತ್ತು.

ಮರು ತಿಂಗಳು ನೀರು ನಿಲ್ಲಿಸಿ ನಾಲೆಗೆ ಕಾಂಕ್ರೀಟು ಹಾಕುವ ಕೆಲಸ ಶುರುವಾಯಿತು. ತೂಬನ್ನು ಒಡೆದು ತೆಗೆದರು. ಒಡೆಯುತ್ತಾರೆಂದು ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ. ಅವನು ಊಟ ಬಿಡುತ್ತಾನೆಂದು ಅಮ್ಮ ಹೆದರಿದ್ದಳು. ಅವನು ಮುದ್ದೆಗೆ ಇನ್ನಷ್ಟು ಸಾರು ಹಾಕಿಸಿಕೊಂಡು, “ಓಗ್ಲಿ ಬುಡು. ಪಟ ಐತಲ್ಲ, ಸಾಕು” ಎಂದ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಪ್ರಿಂಟು ಹಾಕಿಸಬೇಕು ಎಂದೆ. ಆಮೇಲೆ ಉತ್ತರ ಪತ್ರಿಕೆ ತಿದ್ದುವ ಕೆಲಸವಿದೆ ಎಂದೆ. ಅಪ್ಪ ಶ್ರೀರಂಗಪಟ್ಟಣದ ನೆಂಟರ ಮನೆಗೆ ಹೋದಾಗಲೆಲ್ಲ ಮಗಳು ತೆಗೆದ ಪಟದ ಸುದ್ದಿ ಹೇಳಿಕೊಂಡು ಬಂದ. ಹತ್ತು ತಿಂಗಳಾದವು. ಈ ನಡುವೆ ನಾನು ಕ್ಯಾಮೆರಾ ಹೊರತೆಗೆದದ್ದೇ ಕಮ್ಮಿ. ಉಸಿರು ಬಿಗಿಹಿಡಿದಾಗ ತಲೆಯೊಳಗೆ ಈಗ ಒಂದು ಮಾತು ಕೇಳಿಸುತ್ತದೆ: ಬಂತಾ?

ಆ ಶನಿವಾರ ಬೆರಳಿನ ಗುರುತು ನೋಡಿದವಳು ಲ್ಯಾಪ್‌ಟಾಪು ತೆರೆದು ಆ ದಿನದ ಚಿತ್ರ ಹುಡುಕಿದೆ. ಒಂದು ಅಂಚಿನಲ್ಲಿ ಮಿಂಚುಳ್ಳಿ. ಹಿಂದೆ ಗುಂಡನೆಯ ಹಸಿರು ಮಬ್ಬು, ಅದರ ಪಕ್ಕ ಉದ್ದನೆಯ ಖಾಕಿ ಮಬ್ಬು. ಅಪ್ಪನನ್ನು ಕರೆದು ತೋರಿಸಿದೆ.

“ಅಕ್ಕಿ ಚೆಂದಾಗದೆ” ಎಂದ. ತುಸು ಹೊತ್ತು ನೋಡಿ, “ನಾನೆಲ್ಲವ್ವ?” ಎಂದ.

ಬೆರಳಿಟ್ಟು ತೋರಿಸಿದೆ. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು ನೋಡಿದ. ಮತ್ತೊಮ್ಮೆ ಒರೆಸಿದ. “ಕಣ್ಗೆ ಪೊರೆ ಬಂದದೆ ಅನ್ಸುತ್ತೆ ಕಣವ್ವ.”

“ಕಣ್ಣಲ್ಲಪ್ಪ. ನಾನೇ ಮಸುಕು ಮಾಡಿದ್ದು. ಅವತ್ತು ತೆಗೆದದ್ದು ಹಕ್ಕೀನ.”

ಅಪ್ಪ ಪರದೆಯನ್ನೇ ನೋಡುತ್ತ ಕೂತಿದ್ದು, “ನೆಟ್ಗೇ ನಿಂತಿದ್ದೆ ಕಣವ್ವ ನಾನು” ಎಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ಪಾಂಡವಪುರದ ಸ್ಟುಡಿಯೋಗೆ ಹೋದೆ. ಮಾಲೀಕರು ಆಗಷ್ಟೇ ಬಾಗಿಲು ತೆಗೆದಿದ್ದರು. ಚಿತ್ರ ನೋಡಿ, ಹಕ್ಕಿ ಭಾರಿ ಚೆನ್ನಾಗಿ ಬಂದಿದೆ, ಎಷ್ಟು ದೊಡ್ಡದು ಬೇಕು ಎಂದರು. ಹಕ್ಕಿಯನ್ನು ಕತ್ತರಿಸಿಬಿಡಿ, ಹಿಂದಿರುವುದನ್ನು ದೊಡ್ಡದು ಮಾಡಿ ಕೊಡಿ ಎಂದೆ. ಅವರು ಪರದೆಗೆ ಮುಖ ತಂದು ನೋಡಿದರು.

“ಅಲ್ಲೇನೂ ಇಲ್ವಲ್ಲ ಮೇಡಂ.”

“ಇದೆ,” ಎಂದೆ. “ನಮ್ಮಪ್ಪ ನಿಂತಿದ್ದಾರೆ.”